ಪೈಲ್ವಾನನ ಮುಖ, ಗಾಡಿಯವನ ಹಿಮ್ಮಡಿ

“ಉಸ್ತಾದ್ರೆ, ಗಂಡಸಾದವನು ದಿನಾ ಮುಖಕ್ಕೆ ಟೋನರ್ ಹಚ್ಚಬೇಕೋ, ಬ್ಯಾಡ್ವೋ?”

ಹೀಗೆ ಕೇಳಿದವನು ಬೀರೇಶ, ಆ ಗರಡಿಮನೆಯ ಪೈಲ್ವಾನರಲ್ಲೆಲ್ಲ ಕಿರಿಯವನು. ಕೇಳಿಸಿಕೊಂಡವರು ಅವನ ಗುರು ಮೈಲಾರಪ್ಪ. ಬೆಳಗಿನ ಸಾಮು ಮುಗಿದು ಉಳಿದವರೆಲ್ಲ ಮನೆಗೆ ಹೋಗಿದ್ದರು. ಮೈಲಾರಪ್ಪನವರು ಅಖಾಡದ ಅಂಚಿನಲ್ಲಿ ಕುಳಿತು ಕುಸ್ತಿಯ ಮಣ್ಣು ಹದವಾಗಲೆಂದು ಅದಕ್ಕೆ ನಿಂಬೆರಸ ಹಿಂಡುತ್ತಿದ್ದರು. ಪ್ರಶ್ನೆ ಕಿವಿಗೆ ಬಿದ್ದದ್ದೇ ಅವರ ಕೈ ನಿಂತಿತು. ಪಟ್ಟುಗಳ ಬಗ್ಗೆ ಕೇಳಿದ ಶಿಷ್ಯರನ್ನು ಅವರು ನೋಡಿದ್ದರು, ಮುರಿದ ಬೆರಳು ತೋರಿಸಿ ಅತ್ತವರನ್ನು ನೋಡಿದ್ದರು, ಪೈಲ್ವಾನ ಮದುವೆ ಆಗಬಹುದೇ ಎಂದು ಕೇಳಿ ಮರುವಾರವೇ ಲಗ್ನಪತ್ರಿಕೆ ತಂದುಕೊಟ್ಟವನನ್ನೂ ನೋಡಿದ್ದರು. ಇಂಥ ಪ್ರಶ್ನೆ ಮಾತ್ರ ಇದೇ ಮೊದಲು.

“ಟೋನರ್ ಅಂದ್ರೆ ಏನಪ?”

“ಮುಖ ತೊಳೆದ ಮ್ಯಾಲೆ, ಕ್ರೀಮ್ ಹಚ್ಚೋಕೆ ಮುಂಚೆ, ಹತ್ತಿಯಾಗ ಅದ್ದಿ ಒರೆಸ್ಕೊಳ್ಳೋ ನೀರು, ಉಸ್ತಾದ್ರೆ.”

“ನೀರಾಗ ತೊಳೆದ ಮ್ಯಾಲೆ ಮತ್ತೆ ನೀರಾ?”

“ಇದು ಬ್ಯಾರೆ ನೀರು,” ಎಂದ ಬೀರೇಶ. ಹೇಗೆ ಬೇರೆ ಎಂದು ಪುಣ್ಯಕ್ಕೆ ಗುರುಗಳು ಕೇಳಲಿಲ್ಲ.

ನಡೆದದ್ದು ಇಷ್ಟು. ದಿನವೂ ಮಣ್ಣಿನಲ್ಲಿ ಉರುಳಿ, ದಿನವೂ ಗಡ್ಡ ಬೋಳಿಸಿ ಬೀರೇಶನ ಕೆನ್ನೆಯೆಲ್ಲ ಕೆಂಪಗೆ ಗುಳ್ಳೆ ಎದ್ದಿತ್ತು. ಬೆವರು ಇಳಿದರೆ ಮೆಣಸಿನಪುಡಿ ಸವರಿದ ಹಾಗೆ ಉರಿಯುತ್ತಿತ್ತು. ಅವನ ಅಕ್ಕ ಮಂಗಳಾ ಮನೆಯ ಮುಂಗೋಣೆಯಲ್ಲೇ ಹೆಂಗಸರ ಬ್ಯೂಟಿ ಪಾರ್ಲರ್ ನಡೆಸುತ್ತಿದ್ದಳು. ತಮ್ಮನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ ನೋಡಿ, ಒಂದು ಬಾಟಲಿ ಕೈಗಿಟ್ಟು, “ಮೊದಲು ತೊಳಿ, ಆಮ್ಯಾಲೆ ಇದು, ಆಮ್ಯಾಲೆ ಕ್ರೀಮು. ಒಂದಿನಾನೂ ಬಿಡಬ್ಯಾಡ,” ಎಂದಳು. ಅವನು ಬಿಡದೆ ಹಚ್ಚಿದ. ಉರಿ ತಗ್ಗಿತು. ತಗ್ಗಿದ್ದು ಆ ನೀರಿನಿಂದಲೋ, ಹುಟ್ಟಿದಾಗಿನಿಂದ ಮೊದಲ ಸಲ ಮುಖವನ್ನು ನೆಟ್ಟಗೆ ತೊಳೆದದ್ದರಿಂದಲೋ ಅವನಿಗೆ ತಿಳಿಯಲಿಲ್ಲ. ತಿಳಿದುಕೊಳ್ಳುವ ಅವಸರವೂ ಇರಲಿಲ್ಲ. ಅವನು ಸುಖವಾಗಿದ್ದ.

ಆಮೇಲೊಂದು ದಿನ ಚೀಲದಿಂದ ಲಂಗೋಟಿ ಎಳೆಯುವಾಗ ಅದರ ಜೊತೆಗೆ ಬಾಟಲಿಯೂ ಬಂದು ಗರಡಿಯ ನಡುವೆ ಉರುಳಿತು. ಜೊತೆಯ ಪೈಲ್ವಾನನೊಬ್ಬ ಅದನ್ನು ಎತ್ತಿ ಮೂಸಿ ನೋಡಿದ. “ಏನಲೇ ಬೀರ್ಯಾ, ಕುಸ್ತಿ ಬಿಟ್ಟು ಮದುಮಗಳು ಆಗ್ತಿಯೇನ?” ಎಂದ. ಉಳಿದವರು ನಕ್ಕು ನಕ್ಕು ಕುಳಿತರು. ಅವತ್ತಿಗೆ ಟೋನರ್ ನಿಂತಿತು. ವಾರ ಕಳೆಯುವಷ್ಟರಲ್ಲಿ ಗುಳ್ಳೆಗಳು ಮತ್ತೆ ಎದ್ದವು, ಮೊದಲಿಗಿಂತ ಜೋರಾಗಿ.

ಬೀರೇಶ ಕಂಡಕಂಡವರನ್ನು ಕೇಳತೊಡಗಿದ. ಕ್ಷೌರದಂಗಡಿಯವನು ಗಂಡಸಿನ ಮುಖಕ್ಕೆ ಪಟಿಕ ಉಜ್ಜಿದರೆ ಮುಗಿಯಿತು ಎಂದ. ಔಷಧಿ ಅಂಗಡಿಯವನು ಟೋನರ್ ಇಲ್ಲದೆ ಕ್ರೀಮ್ ಹಚ್ಚುವುದೂ ಒಂದೇ, ಗೋಡೆಗೆ ಹಚ್ಚುವುದೂ ಒಂದೇ ಎಂದ. ಮೊಬೈಲ್ ತೆರೆದರೆ ಒಬ್ಬಳು ಅದು ಬೇಕೇ ಬೇಕು ಎನ್ನುತ್ತಿದ್ದಳು. ಬೆರಳು ಸರಿಸಿದರೆ ಗಡ್ಡ ಬಿಟ್ಟವನೊಬ್ಬ ಬಂದು, ಅದೆಲ್ಲ ಬಾಟಲಿಯಲ್ಲಿ ತುಂಬಿದ ಬರೀ ನೀರು, ಮೋಸ ಹೋಗಬೇಡಿ ಎನ್ನುತ್ತಿದ್ದ. ಅವ್ವ ಕಡ್ಲೆಹಿಟ್ಟು ಕಲಸಿಕೊಂಡು ಕಾಯುತ್ತಿದ್ದಳು. ಯಾರು ಮಾತಾಡುತ್ತಿದ್ದರೂ, ಮಾತಾಡುವಷ್ಟು ಹೊತ್ತು ಅವರದೇ ಸರಿ ಎಂದು ಬೀರೇಶನಿಗೆ ಅನ್ನಿಸುತ್ತಿತ್ತು. ಅವರು ಅತ್ತ ಹೋದರೆ ಇವನ ತಲೆ ಮತ್ತೆ ಕಲಸಿದ ಮೊಸರನ್ನ.

ಈ ಗೊಂದಲದ ನಡುವೆ ಜೋಡಿ ಕಟ್ಟುವ ದಿನ ಹತ್ತಿರ ಬಂದಿತ್ತು. ಬಯಲು ಕುಸ್ತಿಗೆ ಮುಂಚೆ ಹಿರಿಯರೆಲ್ಲ ಕೂಡಿ, ಪೈಲ್ವಾನರನ್ನು ಬರಿಮೈಯಲ್ಲಿ ಎದುರುಬದುರು ನಿಲ್ಲಿಸಿ, ಯಾರಿಗೆ ಯಾರು ಸರಿಸಾಟಿ ಎಂದು ತೂಗಿ ನೋಡಿ, ಇಬ್ಬರ ಕೈ ಕೂಡಿಸುತ್ತಾರೆ. ಈ ಸಲ ಮೈಲಾರಪ್ಪನವರು ಬೀರೇಶನ ಹೆಸರು ಕೊಟ್ಟಿದ್ದರು. ಅವನ ಮೊದಲ ಬಯಲು ಕುಸ್ತಿ ಅದು. ಹುಡುಗನಾಗಿದ್ದಾಗಿನಿಂದ ಅವನು ಕಾದು ಕುಳಿತದ್ದು ಅದಕ್ಕೇ. ಈಗ ಈ ಮುಖ ಹೊತ್ತು ಅಲ್ಲಿ ನಿಂತರೆ? ಇವನಿಗೆ ಏನೋ ಚರ್ಮದ ರೋಗ ಎಂದು ಎದುರಿನವನು ಕೈ ಕೊಡದೆ ಹಿಂದೆ ಸರಿದರೆ? ಹಚ್ಚಿಕೊಂಡು ಹೋದರೆ ಗರಡಿಯವರು ನಗುತ್ತಾರೆ. ಹಚ್ಚದೆ ಹೋದರೆ ಊರೇ ನೋಡುತ್ತದೆ. ಯೋಚಿಸಿ ಯೋಚಿಸಿ ಸೋತು, ಈ ಸಲ ನನ್ನ ಹೆಸರು ಬಿಡಿಸಿಬಿಡಿ ಎಂದು ಕೇಳಲು ಅವನು ಗುರುಗಳ ಹತ್ತಿರ ಬಂದಿದ್ದ. ಬಾಯಿಗೆ ಬಂದದ್ದು ಮಾತ್ರ ಟೋನರ್.

ಮೈಲಾರಪ್ಪನವರು ಅವನ ಕೆನ್ನೆಯನ್ನು ತುಸು ಹೊತ್ತು ನೋಡಿದರು. ನಗಲಿಲ್ಲ, ಬೈಯಲೂ ಇಲ್ಲ. ಕೈಗಂಟಿದ ಮಣ್ಣನ್ನು ಉದುರಿಸಿ, ಕೂತ್ಕೋ ಎಂದು ಸನ್ನೆ ಮಾಡಿ ಈ ಕತೆ ಹೇಳಿದರು.

ಒಬ್ಬ ಗಾಡಿಯವನಿದ್ದ. ಅವನಿಗೆ ಎರಡು ಹೋರಿಗಳಿದ್ದವು. ಒಬ್ಬ ವ್ಯಾಪಾರಿಯ ಉಪ್ಪನ್ನು ಹೊಳೆಯಾಚೆಯ ಊರಿಗೆ ಸಾಗಿಸುವುದು ಅವನ ಕೆಲಸ. ಹೊಳೆಗೆ ಸೇತುವೆ ಇರಲಿಲ್ಲ. ನೀರು ತಗ್ಗಿರುವ ಕಡೆ ಗಾಡಿ ಇಳಿಸಿ ದಾಟಿಸಬೇಕಿತ್ತು.

ಹೋರಿಗಳೆಂದರೆ ಅವನಿಗೆ ಪ್ರಾಣ. ಹೊಳೆ ದಾಟುವಾಗ ಬಿಟ್ಟು ಉಳಿದ ದಾರಿಯೆಲ್ಲ, ಅವುಗಳಿಗೆ ಭಾರವಾದೀತೆಂದು ಗಾಡಿ ಹತ್ತದೆ ಬರಿಗಾಲಲ್ಲಿ ಪಕ್ಕದಲ್ಲೇ ನಡೆಯುತ್ತಿದ್ದ. ನೊಗ ಹೂಡುವ ಮುಂಚೆ ಅವುಗಳ ಹೆಗಲನ್ನು ಬಿಸಿನೀರಿನಿಂದ ತೊಳೆಯುತ್ತಿದ್ದ. ನೊಗ ಉಜ್ಜುವ ಜಾಗಕ್ಕೆ ಹರಳೆಣ್ಣೆಯಲ್ಲಿ ಕಲಸಿದ ಅರಿಶಿಣ ಹಚ್ಚುತ್ತಿದ್ದ. ಸಂಜೆ ನೊಗ ಇಳಿಸಿದ ಮೇಲೆ ಮತ್ತೆ ತೊಳೆದು ಮತ್ತೆ ಹಚ್ಚುತ್ತಿದ್ದ. ಅವುಗಳ ಕಣ್ಣಂಚು ಒರೆಸಲು ಹೆಂಡತಿಯ ಹಳೆಯ ಸೀರೆಯ ಮೆತ್ತನೆಯ ತುಂಡೊಂದನ್ನು ಬೇರೆಯಾಗಿ ಇಟ್ಟುಕೊಂಡಿದ್ದ. ದಾರಿಯಲ್ಲಿ ಕಂಡವರು, ಸಾಕಿದರೆ ಹೀಗೆ ಸಾಕಬೇಕು ಎನ್ನುತ್ತಿದ್ದರು. ಆ ಮಾತು ಕೇಳಿ ಅವನು ಹಿಗ್ಗುತ್ತಿದ್ದ.

ಒಂದು ಬೇಸಿಗೆಯಲ್ಲಿ ಅವನ ಹಿಮ್ಮಡಿಗಳು ಒಡೆದವು. ಮೊದಲು ಗೀರುಗಳಾಗಿ ಕಂಡವು. ಧೂಳು ಹೊಕ್ಕು ಗೀರುಗಳು ಬಾಯಿಬಿಟ್ಟವು. ಹೆಂಡತಿ ಮೇಣ ಕರಗಿಸಿ ಎಣ್ಣೆ ಬೆರೆಸಿ ತೆಂಗಿನ ಕರಟದಲ್ಲಿ ತಂದಿಟ್ಟಳು.

“ಹೆಂಗಸರು ಹಚ್ಚೋ ಮೇಣ ನನ್ನ ಕಾಲಿಗ್ಯಾಕೆ?” ಎಂದ ಗಾಡಿಯವನು.

“ನಡೆಯೋರು ನೀವು. ಗಾಡಿಯಾಗೆ ಇಟ್ಟಿರ್ತೀನಿ,” ಎಂದು ಹೆಂಡತಿ ಕರಟವನ್ನು ಗಾಡಿಯ ಮೂಲೆಗೆ ಕಟ್ಟಿದಳು.

ಇಲ್ಲಿಗೆ ಬೀರೇಶ ಸ್ವಲ್ಪ ಚುರುಕಾದ. ಹಿಮ್ಮಡಿ ಎಂದರೆ ತನ್ನ ಮುಖ. ಮೇಣವೆಂದರೆ ಟೋನರ್. ಹೆಂಡತಿ ಎಂದರೆ ಮಂಗಳಕ್ಕ. ಹಾಗಾದರೆ ಉಪ್ಪು ಯಾವುದು, ಹೋರಿಗಳು ಯಾರು ಎಂದು ಲೆಕ್ಕ ಹಾಕಲು ಹೋಗಿ ಮತ್ತೆ ದಾರಿ ತಪ್ಪಿದ. ಗುರುಗಳು ಅವನಿಗಾಗಿ ಕಾಯದೆ ಮುಂದಕ್ಕೆ ಹೇಳಿದರು.

ನೋವು ಹೆಚ್ಚಿತು. ಹಚ್ಚಿಬಿಡೋಣ ಎಂದು ಗಾಡಿಯವನಿಗೂ ಅನ್ನಿಸಿತು. ಆದರೆ ನೋಡಿದವರು ಏನಂದಾರು ಎಂಬ ಅಳುಕು. ಯಾರಾದರೂ ಒಬ್ಬರು ಹಚ್ಚು ಎಂದುಬಿಟ್ಟರೆ ಹಚ್ಚಬಹುದು ಎಂದುಕೊಂಡು, ದಾರಿಯಲ್ಲಿ ಸಿಕ್ಕವರನ್ನೆಲ್ಲ ಕೇಳುತ್ತ ಹೋದ. ಗಂಡಸು ಹಿಮ್ಮಡಿಗೆ ಮೇಣ ಹಚ್ಚಬಹುದೇ?

ಉಪ್ಪಿನ ವ್ಯಾಪಾರಿ, ನಮ್ಮ ಮನೆತನದಲ್ಲಿ ಹಬ್ಬದ ದಿನ ಬಿಟ್ಟು ಗಂಡಸರು ಕಾಲಿಗೆ ಏನನ್ನೂ ಹಚ್ಚುವುದಿಲ್ಲ ಎಂದ. ಗಾಡಿಯವನು, ಹಬ್ಬದ ತನಕ ತಡೆಯೋಣ ಎಂದುಕೊಂಡ. ಕುದುರೆಯ ಮೇಲೆ ಬಂದ ಸಿಪಾಯಿ, ನೋವಿಗೆ ಹೆದರುವವನು ಹಚ್ಚಲಿ ಎಂದ. ನಾನು ಹೆದರುವವನಲ್ಲ ಎಂದು ಗಾಡಿಯವನು ಅಂದುಕೊಂಡ. ಸಿಪಾಯಿ ಕುದುರೆಯ ಮೇಲಿದ್ದಾನೆ, ಅವನ ಹಿಮ್ಮಡಿ ನೆಲ ಮುಟ್ಟಿಯೇ ಇಲ್ಲ ಎಂಬುದು ಹೊಳೆಯಲಿಲ್ಲ. ಒಬ್ಬ ಸನ್ಯಾಸಿ, ಕಾಲು ಯಾರದು, ನೋವು ಯಾರದು, ಮೊದಲು ಅದನ್ನು ತಿಳಿ ಎಂದ. ಗಾಡಿಯವನು ಇಡೀ ಮಧ್ಯಾಹ್ನ ಅದನ್ನೇ ಯೋಚಿಸಿದ. ಕಾಲು ತನ್ನದೇ ಎಂದು ಪ್ರತಿ ಹೆಜ್ಜೆಗೂ ಗೊತ್ತಾಗುತ್ತಿತ್ತು. ಆದರೆ ಸನ್ಯಾಸಿ ಕೇಳಿದ ಮೇಲೆ ಅಷ್ಟು ಸುಲಭವಿರಲಾರದು ಎಂದು ಅನುಮಾನವಾಯಿತು. ಒಬ್ಬ ಹಜಾಮ ಹಚ್ಚು ಎಂದ. ಅಬ್ಬಾ ಎನ್ನುವಷ್ಟರಲ್ಲಿ, ಆದರೆ ಅಮಾವಾಸ್ಯೆ ಕಳೆಯಲಿ ಎಂದು ಸೇರಿಸಿದ.

ಒಂದೊಂದು ಮಾತಿಗೂ ಅವನು ಕರಟವನ್ನು ಬಿಚ್ಚಿ ಕೈಗೆ ತೆಗೆದುಕೊಂಡ. ಒಂದೊಂದು ಮಾತಿಗೂ ತಿರುಗಿ ಕಟ್ಟಿದ. ಸಂಜೆ ಹೋರಿಗಳ ಹೆಗಲಿಗೆ ಅರಿಶಿಣ ಹಚ್ಚಿ, ತಾನು ಕುಂಟುತ್ತ ಹೋಗಿ ಮಲಗಿದ.

ಹೀಗಿರುವಾಗ ಒಂದು ದಿನ ಅವನು ಉಪ್ಪು ಹೇರಿಕೊಂಡು ಹೊಳೆಗೆ ಇಳಿದ. ಮೇಲಿನ ಗುಡ್ಡಗಳಲ್ಲಿ ಮಳೆಯಾದದ್ದು ಅವನಿಗೆ ತಿಳಿದಿರಲಿಲ್ಲ. ನಡುಹೊಳೆಯಲ್ಲಿ ಗಾಲಿ ಎರಡು ಬಂಡೆಗಳ ನಡುವೆ ಸಿಕ್ಕಿಬಿತ್ತು. ನೀರು ಏರತೊಡಗಿತು. ಹೋರಿಗಳು ಕೊರಳೆತ್ತಿ ಕೂಗಿದವು. ಉಪ್ಪು ಹೋದರೆ ಹೋಗಲಿ, ಕೊರಳ ಹಗ್ಗ ಬಿಚ್ಚಿದರೆ ಅವು ಈಜಿ ದಡ ಸೇರುತ್ತವೆ ಎಂದು ಅವನಿಗೆ ಗೊತ್ತಿತ್ತು. ಗಾಡಿಯಿಂದ ನೀರಿಗೆ ಹಾರಿದ.

ಹಿಮ್ಮಡಿ ಕಲ್ಲಿನ ಮೇಲೆ ಬಿತ್ತು. ಬಾಯಿಬಿಟ್ಟಿದ್ದ ಬಿರುಕು ಎಲುಬಿನ ತನಕ ಸೀಳಿತು. ಕಾಲು ನಿಲ್ಲಲಿಲ್ಲ. ಬಿದ್ದ, ಎದ್ದ, ಮತ್ತೆ ಬಿದ್ದ. ನೊಗವನ್ನು ಹಿಡಿದು ತೆವಳಿ ಒಂದು ಹೋರಿಯ ಹಗ್ಗ ಬಿಚ್ಚಿದ. ಇನ್ನೊಂದರ ಕಡೆಗೆ ಹೋಗಲು ಇನ್ನು ನಾಲ್ಕು ಹೆಜ್ಜೆ ಬೇಕಿತ್ತು. ಆ ನಾಲ್ಕು ಹೆಜ್ಜೆ ಅವನ ಕಾಲಲ್ಲಿ ಉಳಿದಿರಲಿಲ್ಲ. ಗಾಡಿ ಮಗುಚಿತು. ನೊಗದಲ್ಲಿದ್ದ ಹೋರಿ ಅವನ ಕಡೆಗೇ ನೋಡುತ್ತ ನೀರಿನೊಳಗೆ ಹೋಯಿತು.

ಅವನು ಹೇಗೋ ತೆವಳಿ ದಡ ಸೇರಿ, ಅಲ್ಲೇ ಕುಳಿತು ಗಂಡಸರು ಅಳಬಹುದೇ ಎಂದು ಯಾರನ್ನೂ ಕೇಳದೆ ಅತ್ತ. ಉಳಿದ ಹೋರಿ ಅವನ ಪಕ್ಕ ಬಂದು ನಿಂತಿತು. ಜೋಡಿ ಇಲ್ಲದ ಹೋರಿ, ಗಾಡಿ ಇಲ್ಲದ ಗಾಡಿಯವನು, ಇವನು ಅದರ ಹೆಗಲಿಗೆ ಒರಗಿ ಕುಂಟುತ್ತ, ಇಬ್ಬರೂ ನಡೆದುಕೊಂಡೇ ಊರಿಗೆ ಬಂದರು. ಹೆಂಡತಿ ಬೇರೆ ಮೇಣ ಕರಗಿಸಿ ತಂದಳು. ಅವನು ಕಾಲು ಚಾಚಿದ.

ಮೈಲಾರಪ್ಪನವರು ಅಲ್ಲಿಗೆ ನಿಲ್ಲಿಸಿದರು.

ನೀರಿನೊಳಗೆ ಹೋದ ಹೋರಿ ಬೀರೇಶನ ಕಣ್ಣಿನಿಂದ ಮಾಯವಾಗಲಿಲ್ಲ. ಆದರೂ ತಲೆ ಮಾತ್ರ ತಿಳಿಯಾಗಲಿಲ್ಲ. ಹೆಂಡತಿಯ ಮಾತು ಕೇಳಬೇಕು ಎಂಬುದು ಇದರ ಅರ್ಥವೋ? ಹಾಗಿದ್ದರೆ ಅಕ್ಕ ಹೇಳಿದ ಹಾಗೆ ಹಚ್ಚಬೇಕು. ಕಂಡಕಂಡವರನ್ನು ಕೇಳಬಾರದು ಎಂಬುದೋ? ಹಾಗಿದ್ದರೆ ಗುರುಗಳನ್ನು ಕೇಳಿದ್ದೇ ತಪ್ಪಾಯಿತು. ಅದೂ ಅಲ್ಲದೆ, ಒಡೆದ ಹಿಮ್ಮಡಿಗೆ ಮೇಣ ಬೇಕು ಎಂಬುದನ್ನು ಎಂಥವನೂ ಒಪ್ಪುತ್ತಾನೆ. ಟೋನರ್ ಕಥೆ ಹಾಗಲ್ಲ, ಅದು ಬೇಕೇ ಇಲ್ಲ ಎನ್ನುವವರೂ ಇದ್ದಾರೆ. ಸಿಪಾಯಿಯ ಮಾತಿನಲ್ಲೂ ಏನೋ ಗತ್ತು ಇತ್ತು ಎಂದು ಅವನಿಗೆ ಅನ್ನಿಸಿತು. ಕೊನೆಗೆ ತಡೆಯಲಾರದೆ ಕೇಳಿಯೇಬಿಟ್ಟ.

“ಅಷ್ಟು ಮಂದೀನ ಕೇಳಿದ್ನಲ್ಲ ಉಸ್ತಾದ್ರೆ, ಅದ್ರಾಗ ಯಾರ ಮಾತು ಖರೆ ಇತ್ತು?”

ಮೈಲಾರಪ್ಪನವರು ಇನ್ನೊಂದು ನಿಂಬೆಹಣ್ಣನ್ನು ಕೈಗೆತ್ತಿಕೊಂಡರು.

“ಹೋರಿ ಹೆಗಲಿಗೆ ದಿನಾ ಅರಿಶಿಣ ಹಚ್ಚುವಾಗ, ಇದು ಗಂಡು, ಇದಕ್ಕೆ ಹಚ್ಚಬೌದೋ ಇಲ್ಲೋ ಅಂತ ಅವನು ಒಬ್ರನ್ನೂ ಕೇಳಿರ್ಲಿಲ್ಲಪ.”

ಬೀರೇಶ ಎದ್ದು ನಿಂತ. ಹೆಸರು ಬಿಡಿಸಿ ಎಂದು ಕೇಳಲು ಬಂದಿದ್ದವನು ಅದನ್ನು ಕೇಳದೆ, ಅಕ್ಕ ಕೊಟ್ಟ ಬಾಟಲಿಯನ್ನು ಎಲ್ಲಿಟ್ಟೆ ಎಂದು ನೆನೆಯುತ್ತ ಮನೆಗೆ ಹೊರಟ.