ಖಾಲಿ ಅಂಗೈ

ನಾಟಕ ಕಂಪನಿಯ ಫಕ್ಕೀರಪ್ಪ ಪರದೆಯ ಮರೆಯಲ್ಲಿ ನಿಂತು ನಟರಿಗೆ ಮಾತು ಹೇಳಿಕೊಡುವವನು. ದನಿಯೇ ಅವನ ಅನ್ನ. ಜ್ವರ ಬಂದು ಆ ದನಿಯೇ ಹೋಯಿತು.

ಮಾಲೀಕ ಚನಬಸಪ್ಪ ಮೀಸೆ ತಿರುವಿದ. "ದನಿ ಇಲ್ಲದವ ನನಗ್ಯಾಕ? ನಾಳೆ ಗಂಟುಮೂಟೆ ಕಟ್ಟು!"

ಫಕ್ಕೀರಪ್ಪನ ಹೆಂಡತಿ ನೀಲವ್ವ ಮುಂದೆ ಬಂದಳು. "ದನಿ ಬರೂತನಕ ಮೂಕಾಭಿನಯ ಮಾಡ್ತಾರ್ರೀ ಧಣ್ಯಾರ. ಬಾಯಿ ಬಿಡದ ಎಲ್ಲಾ ಮಾಡಿ ತೋರಿಸ್ತಾರ."

"ಮೂಕಾಭಿನಯ! ನನ್ನ ಕಂಪನ್ಯಾಗ ಆ ಶಬ್ದಕ್ಕ ಅರ್ಥಾನೂ ಇಲ್ಲ, ಉಪಯೋಗಾನೂ ಇಲ್ಲ!"

ಅಂದಿನ ಆಟದಲ್ಲಿ ಚನಬಸಪ್ಪನೇ ರಾಜ. ಮಾತು ಬಾಯಿಪಾಠ ಮಾಡುವುದು ಮಾಲೀಕನ ಘನತೆಗೆ ಕಡಿಮೆ ಎಂದು ತಿಳಿದವನು. ಮಗಳನ್ನು ಗಂಡನ ಮನೆಗೆ ಕಳಿಸುವ ದೃಶ್ಯದಲ್ಲಿ ಮಾತು ಮರೆತು ನಿಂತುಬಿಟ್ಟ. ರೂಢಿಯಂತೆ ಕಣ್ಣು ಪರದೆಯ ಮರೆಗೆ ಹೋಯಿತು.

ಉದ್ದನೆಯ ಮಾತದು. ತುಟಿಯಾಡಿಸಿದರೆ ಧಣಿಗೆ ತಿಳಿಯುವಂಥದ್ದಲ್ಲ. ಅಲ್ಲಿ ನಿಂತಿದ್ದ ಫಕ್ಕೀರಪ್ಪ ಬರಿಗೈಯಲ್ಲಿ ಕೂಸೊಂದನ್ನು ತೂಗಿದ. ಅದು ಬೆಳೆದಂತೆ ಕೈಯನ್ನು ಮೊಣಕಾಲಿನಿಂದ ಹೆಗಲಿನವರೆಗೆ ಏರಿಸಿದ. ಆಮೇಲೆ ತನ್ನ ಖಾಲಿ ಅಂಗೈಯನ್ನು ನೋಡಿಕೊಂಡ.

ಬೇರೆ ದಾರಿ ಕಾಣದೆ ರಾಜನೂ ಹಾಗೇ ಮಾಡಿದ. ಗದ್ದಲವಿದ್ದ ಥೇಟರು ಗಪ್ಪಾಯಿತು. ಹೆಂಗಸರು ಸೆರಗನ್ನು ಕಣ್ಣಿಗೊತ್ತಿಕೊಂಡರು. ಚನಬಸಪ್ಪನೂ ಹೋದ ತಿಂಗಳಷ್ಟೇ ಮಗಳನ್ನು ಗಂಡನ ಮನೆಗೆ ಕಳಿಸಿದ್ದ. ಅಂಗೈ ನೋಡುತ್ತ ರಾಜ ನಿಜವಾಗಿಯೇ ಅತ್ತ.

ಪರದೆ ಬಿತ್ತು. "ಅರ್ಥ ಆತೇನ್ರೀ ಧಣ್ಯಾರ?" ಎಂದು ನೀಲವ್ವ ಮೆಲ್ಲಗೆ ಕೇಳಿದಳು.

ಚನಬಸಪ್ಪ ತನ್ನ ಜರತಾರಿ ಶಾಲು ತೆಗೆದು ಫಕ್ಕೀರಪ್ಪನ ಗಂಟಲಿಗೆ ಬೆಚ್ಚಗೆ ಸುತ್ತಿದ. ಆಮೇಲೆ ಐದೂ ಬೆರಳು ಕೂಡಿಸಿ ಬಾಯಿಯ ಹತ್ತಿರ ಒಯ್ದು ತೋರಿಸಿದ, ಉಣ್ಣಾಕ ಬಾ ಅಂತ.