ಒಂದು ಹಿಡಿ ಒಗರು

ಹೊಳೆದಂಡೆಯ ಆಶ್ರಮದಲ್ಲಿ ದೇವೀರಿ ಮೂರು ವರ್ಷದಿಂದ ಉಪದೇಶಕ್ಕೆ ಕಾಯುತ್ತಿದ್ದಳು. ಗುರು ನಿಂಗಮ್ಮತಾಯಿ ಅವಳಿಗೆ ಮಂತ್ರ ಕೊಡಲಿಲ್ಲ, ಒಂದು ಹಸು ಕೊಟ್ಟರು.

“ಕಪಿಲೆಯನ್ನು ಸಾಕು. ಅವಳಿಗೇನು ಒಗ್ಗುತ್ತದೆ ಅಂತ ತಿಳಿದ ದಿನ ಉಪದೇಶ.”

ಹಸು ಸಾಕುವುದೇನು ಮಹಾ ಎಂದುಕೊಂಡಳು ದೇವೀರಿ.

ಬೇಸಿಗೆಗೆ ದಂಡೆಯ ಹುಲ್ಲೆಲ್ಲ ಒಣಗಿ, ಜಾಲಿ ಮರಗಳು ಮಾತ್ರ ಹಸಿರಾಗಿ ಉಳಿದವು. ಅವಳು ದೋಟಿ ಹಿಡಿದು ಹೊರೆಗಟ್ಟಲೆ ಸೊಪ್ಪು ಇಳಿಸಿದಳು. ಕಪಿಲೆ ಹೊಟ್ಟೆ ತುಂಬ ತಿಂದಳು. ಆದರೂ ದಿನೇ ದಿನೇ ಪಕ್ಕೆಲುಬು ಎದ್ದು ಕಂಡವು. ಕರುವಿಗೂ ಹಾಲು ಸಾಲದಾಯಿತು.

ತಾಯಿ ಬಂದು ಕೋಲಿನಿಂದ ಸಗಣಿ ಬಿಡಿಸಿದರು. ಎಲೆಯ ಚೂರುಗಳು ಹಾಗೇ ಇದ್ದವು.

“ಇದೇನೇ?”

“ಸಗಣಿ, ತಾಯಿ.”

“ನನಗೆ ನಿನ್ನೆಯ ಹೊರೆ ಕಾಣುತ್ತಿದೆ. ಮುಂಬಾಗಿಲಿಂದ ಬಂದು, ಕೂರದೆ, ಹಿತ್ತಲಿಂದ ಹೋದ ನೆಂಟರ ಹಾಗೆ.”

ದೇವೀರಿ ಮುಖ ಗಂಟಿಕ್ಕಿದಳು.

“ಒಂದು ಹಿಡಿ ಸೊಪ್ಪು ಬಾಯಿಗೆ ಹಾಕು,” ಎಂದರು ತಾಯಿ.

ಅವಳು ಅಗಿದಳು. ಒಗರಿಗೆ ನಾಲಿಗೆ ಒರಟಾಯಿತು, ಕೆನ್ನೆ ಒಳಕ್ಕೆಳೆಯಿತು, ಉಗುಳು ಬತ್ತಿತು.

“ಎಲ್ಲಿ, ಈಗ ಒಂದು ಶ್ಲೋಕ ಹೇಳು ನೋಡೋಣ.”

ದೇವೀರಿಗೆ ನಾಲಿಗೆ ಹೊರಳಲಿಲ್ಲ.

“ಕಪಿಲೆಯ ಹೊಟ್ಟೆಯೂ ಹಾಗೇ ಬಿಗಿದು ಕೂತಿದೆ.”

ದೇವೀರಿ ಉಳಿದ ಸೊಪ್ಪನ್ನೆಲ್ಲ ಹೊಳೆಗೆ ಎಸೆದಳು. ಊರಿನಿಂದ ಬಲಿತ ಜೋಳದ ದಂಟು ಹೊತ್ತು ತಂದಳು.

ಕಪಿಲೆ ಅಗಿದಳು. ಮಲಗಿ ಮೆಲುಕು ಹಾಕಿದಳು. ಬಿಸಿಲು ಇಳಿಯಿತು, ನೀರು ತಾಮ್ರದ ಬಣ್ಣಕ್ಕೆ ತಿರುಗಿತು, ದವಡೆ ನಿಲ್ಲಲಿಲ್ಲ. ಗೋಡೆಗೊರಗಿದ ದೇವೀರಿಗೆ ಜೊಂಪು ಹತ್ತಿತು. ಅರೆನಿದ್ದೆಯಲ್ಲಿ ಹೊಳೆಯೂ ತನ್ನ ದಂಡೆಯನ್ನು ಮೆಲ್ಲಗೆ ಅಗಿಯುತ್ತಿರುವಂತೆ, ಸಂಜೆಯೇ ಒಂದು ದೊಡ್ಡ ಬಾಯಾಗಿ ಆಡುತ್ತಿರುವಂತೆ ಕೇಳಿಸಿತು.

ವಾರ ಕಳೆದರೂ ಹಾಲು ಏರಲಿಲ್ಲ.

“ನಾರು ಬಿಡಿಸುವುದರಲ್ಲೇ ಅವಳ ದಿನ ಮುಗಿಯುತ್ತಿದೆ,” ಎಂದರು ತಾಯಿ. “ಮೈಗೆ ಹತ್ತಿಸಿಕೊಳ್ಳಲು ಪುರುಸೊತ್ತೆಲ್ಲಿ?”

“ಹಾಗಾದರೆ ಒಗರೂ ಬೇಡ, ನಾರೂ ಬೇಡ,” ಎಂದಳು ದೇವೀರಿ, ಹಟದಿಂದ.

ತಾಯಿ ಕೋಲು ಎತ್ತಿಕೊಂಡು ಹೊರಟರು.

ಮರುದಿನ ಅವಳು ಬಾವಿಯ ಪಕ್ಕದ ಮಡಿಯಿಂದ ಎಳೆ ಕುದುರೆಮೆಂತ್ಯ ಕೊಯ್ದಳು. ಬೆಣ್ಣೆಯಂಥ ಮೇವು, ಇಬ್ಬನಿ ಸಹಿತ. ಕಪಿಲೆ ಕಣ್ಣು ಮುಚ್ಚಿ ತಿಂದಳು. ಇಷ್ಟು ದಿನ ಇದು ಹೊಳೆಯಲಿಲ್ಲವಲ್ಲ ಎಂದು ದೇವೀರಿ ನಕ್ಕಳು.

ಮಧ್ಯಾಹ್ನದ ಹೊತ್ತಿಗೆ ಕಪಿಲೆಯ ಎಡಮಗ್ಗುಲು ನಗಾರಿಯಂತೆ ಉಬ್ಬಿತು. ಉಸಿರು ಮೇಲೆ ಮೇಲೆ ಬಂತು.

“ತಾಯಿ, ಬೇಗ ಬನ್ನಿ. ನನ್ನ ಕೈಯಾರೆ ಇವಳನ್ನು ಕೊಲ್ಲುತ್ತಿದ್ದೇನೆ.”

ತಾಯಿ ಎಣ್ಣೆ ಕುಡಿಸಿದರು. ಇಬ್ಬರೂ ಸೇರಿ ಹಸುವನ್ನು ದಂಡೆಯ ಏರಿಗೆ ನಡೆಸಿದರು. ಹತ್ತಿಸಿದರು, ಇಳಿಸಿದರು, ಮತ್ತೆ ಹತ್ತಿಸಿದರು. ದೇವೀರಿ ಹಸುವಿನ ಕಿವಿಯಲ್ಲಿ ಏನೇನೋ ಬೇಡಿಕೊಂಡಳು. ನಾಲ್ಕನೆಯ ಸಲ ಏರಿದಾಗ ಕಪಿಲೆ ಕತ್ತು ಚಾಚಿ ಉದ್ದಕ್ಕೆ ತೇಗಿದಳು.

ಎಡಮಗ್ಗುಲ ಉಬ್ಬು ಮೆಲ್ಲಗೆ ಇಳಿಯಿತು.

ಬೆಳಿಗ್ಗೆ ತಾಯಿಯೇ ಮೇವು ಕಲಸಿದರು. ಎಳೆಯದು ಸ್ವಲ್ಪ, ಒಣಹುಲ್ಲು ಸ್ವಲ್ಪ, ಮೇಲೆ ಒಂದು ಹಿಡಿ ಜಾಲಿಸೊಪ್ಪು.

“ಇದೇ ಸೊಪ್ಪನ್ನಲ್ಲವೇ ನೀವು ಬಿಸಾಡಿಸಿದ್ದು?”

“ಬಿಸಾಡು ಅಂದೆನೇ? ಬಾಯಿಗೆ ಹಾಕು ಅಂದೆ.”

“ಮತ್ತೆ ಈಗ ಯಾಕೆ?”

“ಎಳೆಯದು ಹೊಟ್ಟೆಯೊಳಗೆ ನೊರೆ ಎಬ್ಬಿಸುತ್ತದೆ. ಅದನ್ನು ಹಿಡಿದು ನಿಲ್ಲಿಸಲು ತುಸು ಒಗರು ಬೇಕು.”

“ಎಷ್ಟು?”

ತಾಯಿ ಕೈ ಒರೆಸಿಕೊಂಡು ಹೊಳೆಗೆ ಹೋದರು.

ದೇವೀರಿ ಕಪಿಲೆಯ ಎಡಮಗ್ಗುಲಿಗೆ ಅಂಗೈ ಇಟ್ಟು ಕೂತಳು. ಚರ್ಮದಡಿಯಲ್ಲಿ ಏನೋ ನಿಧಾನವಾಗಿ ಎದ್ದು, ಹೊರಳಿ, ಮುಳುಗುತ್ತಿತ್ತು. ಮಂಜು ನೀರಿನ ಮೇಲಿಂದ ಬಂದು ಕೊಟ್ಟಿಗೆಯೊಳಗೆ ನಿಂತಿತು. ಅಂದು ಕೂತಳು, ಮಾರನೆಯ ದಿನವೂ ಕೂತಳು. ಒಂದು ದಿನ ಹಿಡಿ ಹೆಚ್ಚಿಸಿದಳು, ಒಂದು ದಿನ ತಗ್ಗಿಸಿದಳು. ಸಗಣಿ ಬಿಡಿಸಿ ನೋಡಿದಳು. ಕರುವಿನ ಬಾಯಲ್ಲಿ ಹಾಲಿನ ನೊರೆ ಕಂಡಿತು.

ಮಳೆಗಾಲದ ಮೊದಲ ಮೋಡ ಕಟ್ಟಿದ ಬೆಳಿಗ್ಗೆ ತಾಯಿ ಕೊಟ್ಟಿಗೆಗೆ ಬಂದರು.

“ದೇವೀರಿ, ಏಳು. ಇವತ್ತು ಉಪದೇಶ ಕೊಡುತ್ತೇನೆ.”

ದೇವೀರಿ ಅಂಗೈ ತೆಗೆಯಲಿಲ್ಲ.

“ತುಸು ತಾಳಿ, ತಾಯಿ. ಒಳಗಿನ್ನೂ ನುರಿಯುತ್ತಿದೆ.”

ನಿಂಗಮ್ಮತಾಯಿ ಕೋಲನ್ನು ಗೋಡೆಗೊರಗಿಸಿ, ಸೆರಗು ಸರಿಮಾಡಿಕೊಂಡು, ಅವಳ ಪಕ್ಕ ನೆಲದ ಮೇಲೆ ಕೂತರು.

“ಸರಿ. ಏನು ತಿಳಿಯಿತು ಅಂತ ಆದಮೇಲೆ ನನಗೂ ಹೇಳು.”