ತಂಗಳು ಮುಟ್ಟದ ಮುಳ್ಳುಹಂದಿ

ಮಕ್ಕಳೇ, ಕಲ್ಲುಗುಡ್ಡದ ಕಾಡಿನಲ್ಲಿ ಒಂದು ಪಾಳು ಗುಂಡಿಯಿತ್ತು. ಇಣುಕಿದರೆ ತಳ ಕಾಣದಷ್ಟು ಆಳ. ಅದರ ಪಕ್ಕದ ಬಿಲದಲ್ಲಿ ಮುಳ್ಳುಹಂದಿ ಬಸಮ್ಮ ತನ್ನ ಮಗಳು ಮುಗುಳಿಯ ಜೊತೆ ವಾಸವಾಗಿದ್ದಳು. ಮುಗುಳಿ ಇನ್ನೂ ಎಳೆಯಳು, ಅವಳ ಮುಳ್ಳು ಹುಲ್ಲಿನಷ್ಟು ಮೆತ್ತಗಿತ್ತು.

ಬಸಮ್ಮ ಒಳ್ಳೆಯವಳೇ. ಜಂಬ ಮಾತ್ರ ಹೊಟ್ಟೆಗಿಂತ ದೊಡ್ಡದು. ನಿನ್ನೆ ತಂದ ಗೆಣಸನ್ನು ಇವತ್ತು ಮೂಸಿಯೂ ನೋಡುತ್ತಿರಲಿಲ್ಲ. ಅರ್ಧ ಕಚ್ಚಿದ ಕುಂಬಳ, ತುಸು ಬಾಡಿದ ಸೌತೆ, ಹಲಸಿನ ಬೀಜ, ಎಲ್ಲವೂ ಗುಂಡಿಗೆ.

ನೆರೆಮನೆಯ ಮೊಲ ಚಿಕ್ಕತಾಯಿಗೆ ಇದನ್ನು ನೋಡಿ ಹೊಟ್ಟೆ ಉರಿಯುತ್ತಿತ್ತು. "ಬಸಮ್ಮಕ್ಕ, ಸಿಪ್ಪೆ ಚಟ್ನಿಗಾಗುತ್ತೆ, ಬೀಜ ಸುಟ್ಟು ತಿನ್ನಬಹುದು. ನಿಮಗೆ ಬೇಡದಿದ್ದರೆ ನನಗಾದರೂ ಕೊಡ್ರಿ."

"ನಿನಗೆ ಕೊಟ್ಟು, ಬಸಮ್ಮನ ಮನೇಲಿ ತಂಗಳು ಇರುತ್ತೆ ಅಂತ ಕಾಡಿಗೆಲ್ಲ ಸಾರಿಸಲಾ? ಗುಂಡಿಯಾದರೆ ಯಾರಿಗೂ ಹೇಳಲ್ಲ."

ತಾಯಿ ಎಸೆದಾಗಲೆಲ್ಲ ಮುಗುಳಿ ಅಂಚಿನಲ್ಲಿ ಕೂತು ಎಣಿಸುತ್ತಿದ್ದಳು. "ಒಂದು, ಎರಡು, ಮೂರು, ನಾಲ್ಕು..." ಧಪ್! ಕೆಲವು ವಾರ ಕಳೆದ ಮೇಲೆ ಎರಡಕ್ಕೇ ಧಪ್ ಎನ್ನತೊಡಗಿತು.

ಒಂದು ನಡುಮಧ್ಯಾಹ್ನ ಬಸಮ್ಮ ಅರ್ಧ ಸೌತೆ ಎಸೆದಳು. ಮುಗುಳಿ ಹತ್ತರವರೆಗೂ ಎಣಿಸಿದಳು. ಧಪ್ ಎನ್ನಲೇ ಇಲ್ಲ.

"ಅವ್ವಾ, ಯಾರೋ ಹಿಡಕೊಂಡರು."

ಹಕ್ಕಿಗಳೂ ಸುಮ್ಮನಾಗಿದ್ದವು. ಕತ್ತಲೊಳಗಿಂದ ನಿಧಾನವಾಗಿ ಜಗಿಯುವ ಸದ್ದು ಬಂತು. ಆಮೇಲೆ ಒಂದು ದನಿ.

"ನಿನ್ನೆಯ ಕುಂಬಳ ಚೆನ್ನಾಗಿತ್ತು, ಬಸಮ್ಮ. ಇನ್ನೂ ಹಾಕು. ಸ್ವಲ್ಪವೇ ಬಾಕಿ."

ಬಸಮ್ಮನ ಮೈಮುಳ್ಳೆಲ್ಲ ಸೆಟೆದು ನಿಂತವು. "ಯಾ... ಯಾರದು? ಏನು ಬಾಕಿ?"

"ಮೇಲೆ ಬರೋದು."

ಅವಳು ಹೆದರಿ ಬಿಲಕ್ಕೆ ಓಡಿದಳು. ಅದಕ್ಕೆ ಹೊಟ್ಟೆ ತುಂಬಿದರೆ ಸುಮ್ಮನಿದ್ದೀತು ಎಂದುಕೊಂಡು, ಮನೆಯಲ್ಲಿದ್ದ ಗೆಡ್ಡೆ ಗೆಣಸನ್ನೆಲ್ಲ ಬಾಚಿ ತಂದು ಗುಂಡಿಗೆ ಸುರಿದಳು. ಬುದ್ಧಿ ಇದ್ದವರು ಮಾಡುವ ಕೆಲಸವೇ ಅದು? ಆದರೆ ಭಯಕ್ಕೆ ಬುದ್ಧಿ ಎಲ್ಲಿ!

ಅಂಚಿನ ಮೇಲೆ ಮೊದಲು ಎರಡು ಕಿವಿ ಕಂಡವು. ಆಮೇಲೆ ಒಂದು ಪಂಜ. ಮುದಿ ಕತ್ತೆಕಿರುಬವೊಂದು ಕೊಳೆತ ಸಿಪ್ಪೆಯ ರಾಶಿಯ ಮೇಲೆ ಕಾಲೂರಿ ಎದ್ದು ಬಂತು.

"ಬೇಸಿಗೆಯಲ್ಲಿ ಕಾಲು ಜಾರಿ ಬಿದ್ದೆ. ಸಾಯಬೇಕಿತ್ತು. ನೀನು ಸಾಕಿದೆ. ತಿಂದು ಮಿಕ್ಕಿದ್ದನ್ನು ಒಟ್ಟಿ ಮೆಟ್ಟಿಲು ಮಾಡಿಕೊಂಡೆ," ಎಂದಿತು. ಅದರ ಕಣ್ಣು ಮುಗುಳಿಯ ಮೇಲಿತ್ತು. "ಇದನ್ನೂ ಕೊಡು."

ಬಸಮ್ಮ ಮಗಳನ್ನು ಬಿಲದೊಳಗೆ ನೂಕಿ, ಬಾಗಿಲಿಗೆ ಬೆನ್ನು ಕೊಟ್ಟು ಮುಳ್ಳು ಕೆದರಿ ನಿಂತಳು. ಕಿರುಬ ಮೂಗು ಚುಚ್ಚಿಸಿಕೊಂಡು ಹಿಂದೆ ಸರಿಯಿತು. ಆದರೆ ಹೋಗಲಿಲ್ಲ. ಹೊರಗೆ ಕೂತು ಕಾಯತೊಡಗಿತು. ಅದರ ಬಿಸಿಯುಸಿರು ಬಿಲದೊಳಕ್ಕೂ ಬರುತ್ತಿತ್ತು.

ಒಂದು ದಿನವಾಯಿತು. ಒಳಗೆ ತಿನ್ನಲು ಒಂದು ಚೂರು ಸಿಪ್ಪೆಯೂ ಇಲ್ಲ. ಬಸಮ್ಮ ಬಾಗಿಲು ಬಿಡದೆ ಹಸಿದೇ ನಿಂತಿದ್ದಳು. ಅವಳು ಕುಸಿದರೆ ಮಗಳ ಕತೆ ಮುಗಿಯಿತು.

ಆಗ ಮುಗುಳಿ ಮೂಲೆಯ ಮಣ್ಣು ಕೆದರಿ ಸುಕ್ಕುಗಟ್ಟಿದ ಅರ್ಧ ಗೆಣಸು ತೆಗೆದಳು. "ಬೈಬೇಡವ್ವ. ನೀನು ಎಸಿ ಅಂದಿದ್ದೆ. ಚಿಕ್ಕತಾಯತ್ತೆ ಮಾತು ಕೇಳಿ ಬಚ್ಚಿಟ್ಟಿದ್ದೆ."

ತಾಯಿ ಮಗಳು ಅದನ್ನೇ ಚೂರು ಚೂರಾಗಿ ಕಡಿದು ಮತ್ತೆರಡು ದಿನ ತಳ್ಳಿದರು. ಬಾಡಿದ ಗೆಣಸು ಅಷ್ಟು ಸಿಹಿಯಾಗಿರುತ್ತದೆ ಎಂದು ಬಸಮ್ಮನಿಗೆ ಗೊತ್ತೇ ಇರಲಿಲ್ಲ. ನಾಚಿಕೆಯಿಂದ ಅವಳು ಬಿಕ್ಕಿ ಬಿಕ್ಕಿ ಅತ್ತಳು.

ನಾಲ್ಕನೆಯ ಬೆಳಗ್ಗೆ ಕಿರುಬ ಮೈಕೊಡವಿ ಎದ್ದಿತು.

"ಇಲ್ಲಿ ಇನ್ನು ಎಸೆಯುವವರಿಲ್ಲ. ಬೇರೆ ಮನೆ ನೋಡಿಕೊಳ್ತೀನಿ," ಎಂದು ಗುಡ್ಡ ಇಳಿದು ಹೋಯಿತು.

ಅದು ಇವತ್ತಿಗೂ ಮನೆ ಹುಡುಕುತ್ತಿದೆಯಂತೆ, ಮಕ್ಕಳೇ. ನೀವು ತಟ್ಟೆಯಲ್ಲಿ ಬಿಟ್ಟದ್ದನ್ನು ಹೊರಗೆ ಎಸೆದಾಗ ಧಪ್ ಎಂದಿತೇ ಎಂದು ಒಮ್ಮೆ ಕಿವಿಗೊಟ್ಟು ಕೇಳಿ.

ನೀತಿ: ಉಳಿದದ್ದನ್ನು ಎಸೆಯುವವರು ಆಪತ್ತನ್ನು ಸಾಕುತ್ತಾರೆ; ಉಳಿಸಿಕೊಂಡ ತುತ್ತು ಆಪತ್ತಿನಲ್ಲಿ ಕಾಯುತ್ತದೆ.